ತಾರಸಿಗೆ ಮರಳಿದ ಜೋಡಿ

"ಬಾಗಿಲು ತೆಗೀರಿ! ನನ್ನ ಪಾರಿವಾಳ ಕೊಡ್ತೀರೋ, ಪೊಲೀಸರನ್ನ ಕರೀಲೋ?"

ತಾರಸಿಯ ಕಬ್ಬಿಣದ ಬಾಗಿಲನ್ನು ಅವಳು ಎರಡೂ ಕೈಯಲ್ಲಿ ಬಡಿದಳು. ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನ ಹೂ ಬಿಡಿಸುತ್ತಿದ್ದವಳು ಕೆಲಸವನ್ನು ಅರ್ಧಕ್ಕೇ ಬಿಟ್ಟು ಓಡಿಬಂದಿದ್ದಳು. ತೋಳಿನ ತುಂಬ ಸಕ್ಕರೆ ಪುಡಿ, ಮೂಗಿನ ತುದಿಯಲ್ಲಿ ಕೋಪ!

ಬಾಗಿಲು ತೆರೆಯಿತು. ವಿಚ್ಛೇದನವಾದ ಮೇಲೆ ಅವನನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಗಡ್ಡ ಬೆಳೆದಿತ್ತು. ಅವಳ ಎದೆ ಧಸಕ್ಕೆಂದಿತು... ಕೋಪಕ್ಕೇ ಇರಬೇಕು ಎಂದುಕೊಂಡಳು.

"ಶ್... ಮೆಲ್ಲಗೆ," ಎಂದ ಅವನು, ತುಟಿಯ ಮೇಲೆ ಬೆರಳಿಟ್ಟು.

"ಶ್ ಅಂತೆ! ಕದ್ದಿದ್ದೂ ಅಲ್ದೆ..."

ಮಂಚ, ಫ್ರಿಜ್ಜು, ಪಾತ್ರೆ ಪಡಗ ಎಲ್ಲವನ್ನೂ ತುಟಿಪಿಟಕ್ಕೆನ್ನದೆ ಹಂಚಿಕೊಂಡವರು, ಬೂದಿ, ದಾದಾ ಎಂಬ ಹೆಣ್ಣು-ಗಂಡು ಪಾರಿವಾಳದ ಜೋಡಿಗಾಗಿ ಮಾತ್ರ ಕೋರ್ಟಿನಲ್ಲಿ ಕಿತ್ತಾಡಿದ್ದರು. ಜಡ್ಜಮ್ಮ ಕನ್ನಡಕ ತೆಗೆದು ಹಣೆ ಒತ್ತಿಕೊಂಡು, ಜೋಡಿ ಹೆಂಡತಿಗೆ ಎಂದು ತೀರ್ಪು ಕೊಟ್ಟಿದ್ದರು.

ಈ ತಾರಸಿಯ ಗೂಡಿನಿಂದ ಊರಿನ ಆಚೆ ತುದಿಯ ತನ್ನ ಬಾಡಿಗೆ ಕೋಣೆಗೆ ಅವುಗಳನ್ನು ಒಯ್ದಳು. ಒಗ್ಗಿಕೊಂಡವೆಂದು ನಂಬಿ ಗೂಡಿನ ಬಾಗಿಲು ತೆರೆದದ್ದೇ ತಡ, ಎರಡೂ ಭರ್ರನೆ ಹಾರಿ ಮಾಯ! ಮೂರು ವಾರದಿಂದ ಫೋನ್ ಮಾಡಿದರೂ ಅವನು ಎತ್ತಲಿಲ್ಲ. 'ಇಲ್ಲಿ ಕ್ಷೇಮವಾಗಿವೆ. ಈಗ ಬರಬೇಡ' ಎಂದೊಂದು ಮೆಸೇಜು, ಅಷ್ಟೆ. ಅಕ್ಕ ಬೇರೆ ಇವತ್ತು ಬೇಕರಿಗೇ ಫೋನ್ ಮಾಡಿ ಕಿಡಿ ಹಚ್ಚಿದ್ದಳು. "ಬೇಕಂತಲೇ ಕಾಳು ಹಾಕಿ ಕರೆಸ್ಕೊಂಡಿದ್ದಾನೆ ಕಣೇ. ಬಿಡ್ಬೇಡ!"

"ನಾನು ಕರೀಲಿಲ್ಲ," ಎಂದ ಅವನು. "ಇಡೀ ಊರು ದಾಟಿ ತಾವಾಗೇ ಬಂದ್ವು. ಬಂದು ಇಲ್ಲೇ ಮೊಟ್ಟೆ ಇಟ್ವು. ಈಗ ಜಾಗ ಬದಲಾಯಿಸಿದ್ರೆ ಕಾವು ಬಿಟ್ಟುಬಿಡ್ತಾವೆ."

"ಅದನ್ನ ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನಂಬ್ತಿದ್ಯಾ?"

ಇಲ್ಲ... ನೆಪ ಅಂತಿದ್ದೆ, ಎಂದು ಮನಸ್ಸಿನಲ್ಲೇ ಒಪ್ಪಿಕೊಂಡಳು.

ಬಗ್ಗಿ ಗೂಡಿನೊಳಗೆ ನೋಡಿದಳು. ಹುಲ್ಲುಕಡ್ಡಿಯ ಮೇಲೆ ಕೂತಿದ್ದುದು ಬೂದಿಯಲ್ಲ, ಸದಾ ಎದೆಯುಬ್ಬಿಸಿ ಓಡಾಡುವ ದಾದಾ!

"ಇವನು... ಕಾವು ಕೂತಿದ್ದಾನಾ?"

"ಹಗಲು ಪಾಳಿ ಇವನದೇ. ಸಂಜೆ ಅವಳು ಬರ್ತಾಳೆ."

ಅಷ್ಟರಲ್ಲಿ ದಾದಾ ಕೊಂಚ ಮೈ ಎತ್ತಿದ. ಕೆಳಗೆ ಬಿಳಿಯ ಮೊಟ್ಟೆಯೊಂದು ಅಲುಗುತ್ತಿತ್ತು. ಮೈತುಂಬ ಬಿರುಕು... ಒಳಗಿನಿಂದ ಟಿಕ್, ಟಿಕ್... ಚೂರು ಚಿಪ್ಪು ಸಿಡಿದು ಪುಟ್ಟ ಕೊಕ್ಕೊಂದು ಹೊರಬಂತು!

ಅವಳು ಗೂಡಿಗೆ ಇನ್ನಷ್ಟು ಬಗ್ಗಿದಳು.

ಆ ಜೀವ ನೂಕಿತು, ದಣಿಯಿತು, ಸುಮ್ಮನಾಯಿತು, ಮತ್ತೆ ನೂಕಿತು. ಕೊನೆಗೆ ಚಿಪ್ಪು ಬೇರ್ಪಟ್ಟು, ಒದ್ದೆ ಹಳದಿ ಕೂದಲಿನ, ಕಣ್ಣು ತೆರೆಯದ ಮರಿ ಹುಲ್ಲಿನ ಮೇಲೆ ಉರುಳಿತು. ಇಡೀ ಮೈ ಮಿಡಿಯುತ್ತಿತ್ತು. ದಾದಾ ಕತ್ತು ಬಾಗಿಸಿ ಅದನ್ನು ಎದೆಯಡಿಗೆ ಸೇರಿಸಿಕೊಂಡ.

ಅಯ್ಯೋ ದೇವರೇ... ಇಷ್ಟು ದೊಡ್ಡದೊಂದು ಇಷ್ಟು ಚಿಕ್ಕ ಗೂಡಿನಲ್ಲಿ ಹೇಗೆ ನಡೆಯುತ್ತದೆ!

"ನೋಡ್ದೇನೋ! ನೋಡ್ದಾ!" ಅವನ ತೋಳು ಹಿಡಿದು ಅಲುಗಿಸಿದಳು. ಅಷ್ಟು ಹೊತ್ತಿನ 'ನೀವು' ಎಲ್ಲಿಗೆ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ.

ಅವನ ಕಣ್ಣು ತುಂಬಿತ್ತು. ಗೋಡೆಯ ಪಕ್ಕ ಚಾಪೆ, ನೀರಿನ ಬಾಟಲಿ, ಒಂದು ಕೋಲು.

"ದಿನವಿಡೀ ಇಲ್ಲೇ ಇರ್ತೀಯಾ? ನಿನ್ನ ಲಿಫ್ಟ್ ರಿಪೇರಿ ಕೆಲಸ ಯಾರು ಮಾಡ್ತಾರೆ?"

"ರಜೆ ಹಾಕ್ದೆ. ಬೆಕ್ಕಿನ ಕಾಟ."

"ನಾನು ಆಸ್ಪತ್ರೇಲಿ ಜ್ವರದಲ್ಲಿ ಬಿದ್ದಿದ್ದಾಗ ನಿಂಗೆ ಒಂದು ದಿನ ರಜೆ ಸಿಗ್ಲಿಲ್ಲ..."

ಅವನು ತಲೆ ತಗ್ಗಿಸಿದ. "ಹೌದು. ಈ ದಾದಾ ಹಸ್ಕೊಂಡು ಕೂತಿರೋದನ್ನ ನೋಡಿದಾಗೆಲ್ಲ ಅದೇ ನೆನಪಾಗೋದು. ನಾಚಿಕೆ ಆಗೋದು. ತಪ್ಪಾಯ್ತು ಕಣೇ... ಎಷ್ಟು ತಡವಾಗಿ ಹೇಳ್ತಿದ್ದೀನಿ ನೋಡು."

ಬೂದಿ ರೆಕ್ಕೆ ಬಡಿಯುತ್ತ ಇಳಿದುಬಂದಳು. ದಾದಾ ಮೆಲ್ಲನೆ ಎದ್ದು ಜಾಗ ಬಿಟ್ಟುಕೊಟ್ಟ. ಮರಿ ಒಂದು ಕ್ಷಣವೂ ಚಳಿಗೆ ಬೀಳಲಿಲ್ಲ.

"ಮರಿ ಹಾರೋ ಹಾಗಾದ್ಮೇಲೆ ಎಲ್ಲವನ್ನೂ ನಾನೇ ತಂದುಕೊಡ್ತೀನಿ," ಎಂದ. "ತೀರ್ಪು ನಿನ್ನ ಕಡೆಗೇ ಆಗಿದೆ."

"ತಂದುಕೊಟ್ರೆ ಮತ್ತೆ ಇಲ್ಲಿಗೇ ಹಾರಿ ಬರ್ತಾವೆ."

"ಹಾಗಾದ್ರೆ?"

"ಹಾಗಾದ್ರೆ... ಅವುಗಳ ಯಜಮಾನೀನೇ ಇಲ್ಲಿಗೆ ಬರ್ಬೇಕಾಗುತ್ತೆ. ಬೇಡ ಅಂತೀಯಾ?"

ಅವನು ಅವಳಿಗೆ ಜಾಗ ಬಿಟ್ಟು ಚಾಪೆಯ ತುದಿಗೆ ಸರಿದು ಕೂತ. ಅವಳು ಪಕ್ಕದಲ್ಲಿ ಕೂತಳು.

"ಅಳ್ಬೇಡ್ವೋ."

"ನೀನೂ ಅಳ್ತಿದ್ದೀಯಲ್ಲ!"

"ನಾನು ಮರಿ ನೋಡಿ ಅಳ್ತಿರೋದು."

"ನಾನೂ... ಹಾಗೇ ಅಂತ ಇಟ್ಕೋ."

"ಸುಳ್ಳ!" ಎನ್ನುತ್ತ ಅವಳು ಅವನ ಭುಜಕ್ಕೆ ತಲೆಯಾನಿಸಿದಳು.