ಗಂಜಿಯಿಲ್ಲದ ಶನಿವಾರ

ಫೆಬ್ರವರಿ 2, ಭಾನುವಾರ, ಬೆಳಿಗ್ಗೆ 10.20. ಹಿಮದೂರು ರೋರೋಸ್‌ನ ಪೊಲೀಸ್ ಠಾಣೆಗೆ ನರ್ಸ್ ಗುನ್ವೋರ್ ದೂರು ತಂದಳು. ವೃದ್ಧರ ವಸತಿಗೃಹದಲ್ಲಿ ಹಾಸಿಗೆ ಹಿಡಿದಿದ್ದ ಎಂಬತ್ತಾರರ ಬೋರ್ಗ್‌ಹಿಲ್ಡ್ ಸತ್ತಿದ್ದಳು. ವಯಸ್ಸಾಗಿತ್ತು ಎಂದು ಹೇಳಿ ಡಾಕ್ಟರು ಕೈತೊಳೆದುಕೊಂಡಿದ್ದರು.

"ನಿನ್ನೆ ರಾತ್ರಿ ಮಗ ಕರೆದಾಗ ರೂಮೇನೋ ಬೆಚ್ಚಗಿತ್ತು, ಒಡ್ವಾರ್. ಆದ್ರೆ ಮೇಜಿನ ಮೇಲಿದ್ದ ಬೆಣ್ಣೆ ಕಲ್ಲಾಗಿತ್ತು."

"ಹಗಲು ನೀನು ಹೋಗಿರಲಿಲ್ವಾ?" ಇನ್ಸ್‌ಪೆಕ್ಟರ್ ಒಡ್ವಾರ್ ಕೇಳಿದ.

"ಮಗ ಬೇಡ ಅಂದ. ಶನಿವಾರವೆಲ್ಲ ನಾನೇ ಅಮ್ಮನ ಜೊತೆ ಇರ್ತೀನಿ ಅಂದ."

ಎಫ್‌ಐಆರ್ ದಾಖಲಾಯಿತು. ಪಂಚನಾಮೆಯಲ್ಲಿ ಬೆಣ್ಣೆಯನ್ನೂ ಬರೆದರು. ಆ ಕಟ್ಟಡಕ್ಕೆ ಶಾಖ ಒದಗಿಸುವ ಕಂಪನಿಯಲ್ಲಿ ಪ್ರತಿ ಕೋಣೆಯ ಉಷ್ಣಾಂಶವೂ ಹತ್ತು ನಿಮಿಷಕ್ಕೊಮ್ಮೆ ದಾಖಲಾಗುತ್ತಿತ್ತು. ಆ ಅಂಕಿಗಳ ಸರಣಿ ಬಲ್ಲವನು ಊರಿಗೆ ಒಬ್ಬನೇ, ಸ್ಟೈನಾರ್. ಸತ್ತವಳ ಮಗ, ಒಡ್ವಾರ್‌ನ ಬಾಲ್ಯದ ನೆರೆಮನೆಯವನು. ಸೋಮವಾರ ಅವನ ಮುಂದೆ ನಿಂತಾಗ ಒಡ್ವಾರ್‌ಗೆ ನಾಚಿಕೆಯಾಯಿತು.

"ತಪ್ಪು ತಿಳ್ಕೋಬೇಡ ಕಣೋ. ಕಾಗದಕ್ಕೆ ಬೇಕು."

"ಯಾವಾಗಿಂದ ಯಾವಾಗಿನ ತನಕ?"

"ಶುಕ್ರವಾರದಿಂದ ಭಾನುವಾರ."

ಸ್ಟೈನಾರ್ ಕಂಪ್ಯೂಟರಿಗೆ ಒಂದು ಸಾಲಿನ ಆಜ್ಞೆ ಬರೆದ. ಆರಂಭದ ದಿನ, ಕೊನೆಯ ದಿನ, ಅಷ್ಟೇ. ಇಡೀ ಚಳಿಗಾಲದ ಸರಣಿಯಿಂದ ಆ ಮೂರು ದಿನ ಬೇರ್ಪಟ್ಟು ಬಂದವು.

"ಇಪ್ಪತ್ತೊಂದು ಡಿಗ್ರಿ," ಅಂದ. "ಅಮ್ಮ ಬೆಚ್ಚಗೇ ಹೋದ್ಳು."

ಮಂಗಳವಾರ ಪೇದೆ ಸೀವ್ ಆ ಅಂಕಿಗಳ ನಕ್ಷೆ ಬರೆದು ತಂದಳು. ಒಡ್ವಾರ್ ಶನಿವಾರದ ಗೆರೆಯ ಮೇಲೆ ಬೆರಳಿಟ್ಟ.

"ಗಂಜಿ ಎಲ್ಲಿ?"

"ಹಸಿವಾಯ್ತಾ?"

"ಥೂ, ಅದಲ್ಲ. ಶನಿವಾರ ಮಧ್ಯಾಹ್ನ ಊರಿಗೆ ಊರೇ ಹಾಲಿನ ಅಕ್ಕಿಗಂಜಿ ತಿನ್ನುತ್ತೆ. ಮಿಕ್ಕ ದಿನ ಬರೀ ತಣ್ಣನೆ ಬ್ರೆಡ್ಡು. ನಮ್ಮ ಚಿಕ್ಕಮ್ಮ ಆ ವಸತಿಗೃಹದಲ್ಲೇ ಇದ್ದದ್ದು, ನನಗೆ ಗೊತ್ತಿಲ್ವಾ? ಬೋರ್ಗ್‌ಹಿಲ್ಡ್ ರೂಮು ಅಡುಗೆಮನೆ ಮೇಲೇ ಇದೆ. ಹಂಡೆ ಕುದಿಯೋವಾಗ ಅದು ಬಿಸಿಯಾಗ್ಲೇಬೇಕು."

ಸೀವ್ ಕಂಪನಿಯ ಮ್ಯಾನೇಜರರಿಂದ ಪೂರ್ತಿ ಸರಣಿ ತರಿಸಿದಳು. ಅದರಿಂದ ಶನಿವಾರಗಳನ್ನು ಮಾತ್ರ, ಅದರಲ್ಲೂ ಹನ್ನೊಂದರಿಂದ ಒಂದು ಗಂಟೆಯವರೆಗಿನದನ್ನು ಮಾತ್ರ ತೆಗೆದಳು. ಹದಿಮೂರು ಶನಿವಾರಗಳಲ್ಲಿ ಹನ್ನೆರಡು ಸಲ ಉಷ್ಣಾಂಶ ಒಂದು ಡಿಗ್ರಿ ಏರಿತ್ತು. ಕೊನೆಯದರಲ್ಲಿ ಏರಿರಲಿಲ್ಲ. ಆ ದಿನದ ನೂರನಲವತ್ತನಾಲ್ಕು ಅಂಕಿಗಳು ಹಿಂದಿನ ಬುಧವಾರದವು, ದಶಮಾಂಶವೂ ಬದಲಾಗಿರಲಿಲ್ಲ.

ಫೆಬ್ರವರಿ 5, ಬುಧವಾರ, ಮಧ್ಯಾಹ್ನ 3.15. ಇಬ್ಬರು ಸಾಕ್ಷಿಗಳೆದುರು ಸ್ಟೈನಾರ್‌ನ ಕಂಪ್ಯೂಟರ್ ಜಪ್ತಿಯಾಯಿತು. ಕತ್ತರಿಸಿ ತೆಗೆದಿದ್ದ ನಿಜವಾದ ಶನಿವಾರ ಅದರಲ್ಲಿ ಜೋಪಾನವಾಗಿತ್ತು. ಇಪ್ಪತ್ತೊಂದು, ಹದಿನೈದು, ಒಂಬತ್ತು, ಆರು. ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿದ್ದ ದಿನ ಅವನು ಶಾಖ ನಿಲ್ಲಿಸಿ ಕಿಟಕಿ ತೆರೆದಿದ್ದ. ಅವಳು ಸತ್ತ ಮೇಲೆ ಕಿಟಕಿ ಮುಚ್ಚಿ, ನರ್ಸನ್ನು ಕರೆಯುವ ಮೊದಲು ಕೋಣೆಯನ್ನು ಮತ್ತೆ ಬೆಚ್ಚಗಾಗಿಸಿದ್ದ.

"ಇದನ್ನ ಯಾಕೆ ಅಳಿಸ್ಲಿಲ್ಲ?" ಕೋಳ ತೊಡಿಸುತ್ತ ಒಡ್ವಾರ್ ಕೇಳಿದ.

"ಅದೊಂದು ದಿನ ನಂದು."

ಒಡ್ವಾರ್ ಹೆಚ್ಚು ಕೇಳಬೇಕಾಗಿರಲಿಲ್ಲ. ಏಳು ವರ್ಷದ ಸ್ಟೈನಾರ್ ಹಾಸಿಗೆ ಒದ್ದೆ ಮಾಡಿದರೆ ಬೋರ್ಗ್‌ಹಿಲ್ಡ್ ಅವನನ್ನು ಒಳ ಅಂಗಿಯಲ್ಲೇ ಹಿಮದ ಮೆಟ್ಟಿಲ ಮೇಲೆ ನಿಲ್ಲಿಸುತ್ತಿದ್ದಳು. ಗೋಡೆಯ ಥರ್ಮಾಮೀಟರನ್ನು ಅವನು ಅಳದೆ, ಗಟ್ಟಿಯಾಗಿ ಓದಬೇಕಿತ್ತು. ಓದಿದರಷ್ಟೇ ಬಾಗಿಲು ತೆರೆಯುತ್ತಿತ್ತು. ಪಕ್ಕದ ಮನೆಯ ಒಡ್ವಾರ್ ಆ ಅಂಕಿಗಳನ್ನು ಕೇಳಲಾರದೆ ಕಿವಿ ಮುಚ್ಚಿಕೊಳ್ಳುತ್ತಿದ್ದ, ಯಾರಿಗೂ ಹೇಳಿರಲಿಲ್ಲ.

"ಶನಿವಾರ ನೀನು ನಿಜವಾಗ್ಲೂ ಅಲ್ಲಿದ್ಯಾ?"

"ಇದ್ದೆ. ಕೋಟು ಹಾಕ್ಕೊಂಡು ಪಕ್ಕದಲ್ಲೇ ಕೂತಿದ್ದೆ. ಥರ್ಮಾಮೀಟರ್ ಹಿಡಿದು, ಓದಮ್ಮ, ಬೆಚ್ಚಗೆ ಮಾಡ್ತೀನಿ ಅಂದೆ."

"ಓದಿದ್ಳಾ?"

"ಒಂಬತ್ತು ಡಿಗ್ರಿ ತನಕ ಓದಿದ್ಳು."

ಒಡ್ವಾರ್ ಹೇಳಿಕೆಯಲ್ಲಿ ಅದನ್ನೂ ಬರೆದು ಸಹಿ ಮಾಡಿಸಿಕೊಂಡ.