ಆರು ವಾರದ ಬ್ರೆಡ್

"ಕೈ ಹಿಂದಕ್ಕೆ ತಗೊಳ್ಳಿ. ನಾನು ರಕ್ತ ತೆಗೆಯಲ್ಲ!"

ಕಣ್ಣು ಬಿಗಿಯಾಗಿ ಮುಚ್ಚಿ ಸೂಜಿಗಾಗಿ ಕಾಯುತ್ತಿದ್ದ ಓರ್ನೆಲಾ ಬೆಚ್ಚಿಬಿದ್ದಳು. ಲ್ಯಾಬಿನ ಹುಡುಗ ಸೂಜಿಯನ್ನು ತಟ್ಟೆಯಲ್ಲಿಟ್ಟು ಅವಳನ್ನೇ ನೋಡುತ್ತಿದ್ದ. ಎದೆಯ ಮೇಲಿನ ಪಟ್ಟಿಯಲ್ಲಿ ಫಬ್ರಿಸಿಯೊ ಎಂದಿತ್ತು.

"ಬ್ರೆಡ್ ಬಿಟ್ಟು ಎಷ್ಟು ದಿನ ಆಯ್ತು ಅಂದ್ರಿ?"

"ಮೂರು ತಿಂಗಳು... ತಿಂದ್ರೆ ಹೊಟ್ಟೆ ಕಿವುಚಿದ ಹಾಗಾಗುತ್ತೆ. ಅದಕ್ಕೇ ಬಿಟ್ಟೆ."

"ಅಲ್ಲೇ ಎಡವಟ್ಟಾಗಿರೋದು. ಗೋಧಿ ಹೊಟ್ಟೆಗೆ ಬೀಳ್ದೆ ಈ ರಕ್ತ ಬಾಯಿ ಬಿಡಲ್ಲ ಕಣ್ರೀ. ಗೋಧಿ ಆಗದಿರೋ ಸೀಲಿಯಕ್ ಕಾಯಿಲೆ ಇದ್ರೂ ಇಲ್ಲ ಅಂತ ಸುಳ್ಳು ಹೇಳುತ್ತೆ. ಡಾಕ್ಟರನ್ನ ಕೇಳಿ ನೋಡಿ, ಆರು ವಾರ ಬ್ರೆಡ್ ತಿಂದು ಬಾ ಅಂತಾರೆ."

ಆರು ವಾರ! ಆ ವಿಷವನ್ನು ಮತ್ತೆ ಆರು ವಾರ ನುಂಗಬೇಕೆ?

ಅವಳ ಕಣ್ಣ ಮುಂದೆ ಅಮ್ಮ ಬಂದು ನಿಂತಳು. ಜೀವನವಿಡೀ ಹೊಟ್ಟೆ ಹಿಡಿದುಕೊಂಡೇ ಓಡಾಡಿದ ಅಮ್ಮ. "ನರದ ದೌರ್ಬಲ್ಯ" ಎಂದು ಗ್ವಾಲೆಗ್ವಾಯ್ ಊರಿನವರೆಲ್ಲ ನಕ್ಕಿದ್ದರು. ಕರುಳಿನಲ್ಲಿ ಗಡ್ಡೆ ಇದೆಯೆಂದು ಗೊತ್ತಾಗುವಷ್ಟರಲ್ಲಿ ಕಾಲ ಮಿಂಚಿತ್ತು.

*ಅದೇ ಗಡ್ಡೆ ನನ್ನೊಳಗೂ ಕೂತಿದ್ದರೆ...?*

ಡಾಕ್ಟರೂ ಅದನ್ನೇ ಹೇಳಿದರು. ದಿನಕ್ಕೆ ಎರಡು ಹೋಳು, ತಪ್ಪಿಸುವಂತಿಲ್ಲ.

ಮೂರನೆಯ ದಿನ ಅವಳು ಚೌಕದ ಬೆಂಚಿನಲ್ಲಿ ಕೂತು ತನ್ನ ಬ್ರೆಡ್ಡನ್ನು ಪಾರಿವಾಳಗಳಿಗೆ ಹಾಕುತ್ತಿದ್ದಳು.

"ಪರೀಕ್ಷೆ ಪಾರಿವಾಳಕ್ಕಾ, ನಿಮಗಾ?"

ತಿರುಗಿದರೆ ಫಬ್ರಿಸಿಯೊ! ಕೆಲಸ ಮುಗಿಸಿ ಹೊರಟಿದ್ದವನು ಪಕ್ಕದಲ್ಲೇ ಕುಳಿತ.

"ಒಬ್ಬರೇ ತಿಂದ್ರೆ ಇಳಿಯಲ್ಲ. ನಾನು ಕೂತಿರ್ತೀನಿ, ತಿನ್ನಿ."

ಅಂದಿನಿಂದ ದಿನಾ ಸಂಜೆ ಬಂದ. ಎರಡನೇ ವಾರಕ್ಕೆ 'ನೀವು' ಹೋಗಿ 'ನೀನು' ಬಂತು. ಮೂರನೇ ವಾರಕ್ಕೆ ಅವಳು ಅವನ ಬಾಯಲ್ಲಿ 'ಸಣಕಲಿ' ಆದಳು. ಅಮ್ಮನ ಕತೆಯನ್ನೂ ಅವನಿಗೆ ಹೇಳಿಕೊಂಡಳು. ನೋವು ಬಂದಾಗ ಅವನ ಕೈ ಹಿಡಿದರೆ ಭಯ ಸ್ವಲ್ಪ ತಗ್ಗುತ್ತಿತ್ತು.

ಆದರೆ ಒಂದು ವಿಷಯ ಅವಳನ್ನು ಮುಳ್ಳಿನಂತೆ ಚುಚ್ಚುತ್ತಿತ್ತು. ಆ ಊರಲ್ಲಿ ಮಾಟೆ ಎಲೆಯ ಕಷಾಯವೆಂದರೆ ಎಲ್ಲರಿಗೂ ಒಂದೇ ಸೋರೆ ಬುರುಡೆ, ಹೀರಲು ಒಂದೇ ನಳಿಕೆ. ಗುರುತಿಲ್ಲದವರು ಚಾಚಿದರೂ ಬೇಡ ಎನ್ನುವವರಿಲ್ಲ. ಫಬ್ರಿಸಿಯೊ ಮಾತ್ರ ತನ್ನದೇ ಬುರುಡೆ, ತನ್ನದೇ ನಳಿಕೆ ತರುತ್ತಿದ್ದ. ಅವಳದನ್ನು ಮುಟ್ಟುತ್ತಿರಲಿಲ್ಲ. ಒಂದು ದಿನ ಗಂಟಲು ನೋವು ಎಂದ, ಇನ್ನೊಂದು ದಿನ ಅಭ್ಯಾಸ ಎಂದ.

"ನಿನ್ನ ನಳಿಕೆಗೆ ಬಾಯಿ ಹಚ್ಚದವನು ನಿನ್ನ ಜೊತೆ ಸಂಸಾರ ಮಾಡ್ತಾನೇನೇ, ಹುಚ್ಚಿ?" ಎಂದು ಚಿಕ್ಕಮ್ಮ ಎಲ್ವಿರಾ ಮೂಗು ಮುರಿದಳು.

ನಾಲ್ಕನೇ ವಾರ ನೋವು ತಡೆಯಲಾಗದೆ ಓರ್ನೆಲಾ ಅವನ ಎದೆಗೊರಗಿ ಅತ್ತಳು. ಅತ್ತು ಮುಖ ಎತ್ತಿದಾಗ ಇಬ್ಬರ ಉಸಿರೂ ಒಂದಾಗಿತ್ತು. ತುಟಿಗೆ ತುಟಿ ತಾಕಬೇಕು...

ಫಬ್ರಿಸಿಯೊ ಥಟ್ಟನೆ ಮುಖ ತಿರುಗಿಸಿದ!

"ಬೇಡ ಸಣಕಲಿ... ಈಗ ಬೇಡ."

ಅವಳ ಜೀವವೇ ಹಾರಿಹೋದಂತಾಯಿತು. *ನನ್ನೊಳಗೆ ಸಾವಿದೆ ಅಂತ ಇವನಿಗೆ ಗೊತ್ತಾಗಿದೆ. ಇವನಿಗೂ ಹೇಸಿಗೆ, ಇವನಿಗೂ ಭಯ!*

ಅವಳು ಮತ್ತೆ ಆ ಬೆಂಚಿನ ಕಡೆ ಹೋಗಲಿಲ್ಲ. ಅವನ ಫೋನೂ ಎತ್ತಲಿಲ್ಲ. ಉಳಿದ ಬ್ರೆಡ್ಡನ್ನು ಅಡುಗೆಮನೆಯಲ್ಲಿ ಒಬ್ಬಳೇ ಅಳುತ್ತಾ ನುಂಗಿದಳು. ರಕ್ತವನ್ನು ಬೇರೆಯವರ ಕೈಲಿ ತೆಗೆಸಿದಳು. ಬಾಯಿಂದ ಕೊಳವೆ ಇಳಿಸಿ ಪರೀಕ್ಷೆಗೆಂದು ಕರುಳಿನ ಚೂರನ್ನೂ ತೆಗೆದರು. ಆಮೇಲಿನ ಹತ್ತು ದಿನ ಪ್ರತಿ ಬೆಳಿಗ್ಗೆ ಹೊಟ್ಟೆ ಒತ್ತಿ ಒತ್ತಿ ಗಡ್ಡೆ ಹುಡುಕಿದಳು. ಏನೂ ಸಿಗದಿದ್ದರೂ ಭಯ ಹೋಗುತ್ತಿರಲಿಲ್ಲ.

ಕೊನೆಗೆ ಡಾಕ್ಟರ್ ಕನ್ನಡಕ ಏರಿಸಿ ಹೇಳಿದರು. "ಸೀಲಿಯಕ್ಕೇ. ಆದ್ರೆ ಗಡ್ಡೆ ಇಲ್ಲಮ್ಮ. ಒಳ್ಳೆ ಕಾಲಕ್ಕೆ ಸಿಕ್ಕಿಬಿದ್ದಿದೆ. ಇವತ್ತಿಂದ ಗೋಧಿ, ಬಾರ್ಲಿ ಯಾವುದನ್ನೂ ಮುಟ್ಟಬೇಡ."

ಗಡ್ಡೆ ಇಲ್ಲ... ಗಡ್ಡೆ ಇಲ್ಲ! ಹೊರಬಂದರೆ ಬಾಗಿಲಲ್ಲೇ ಫಬ್ರಿಸಿಯೊ ನಿಂತಿದ್ದ. ಗಡ್ಡ ಬೆಳೆದಿತ್ತು.

"ಮೂರು ದಿನದಿಂದ ಇಲ್ಲೇ ಕಾಯ್ತಿದ್ದೀನಿ. ನಿನ್ನ ರಿಪೋರ್ಟ್ ನಾನು ನೋಡಿಲ್ಲ, ದೇವರಾಣೆ. ಏನಂದ್ರು?"

"ಸೀಲಿಯಕ್ ಇದೆ. ಗಡ್ಡೆ ಇಲ್ಲ. ಸಮಾಧಾನ ಆಯ್ತಾ? ಇನ್ನು ಹೋಗು, ನನ್ನ ಬಾಯಿ ಅಂದ್ರೆ ನಿನಗೆ ಹೇಸಿಗೆಯಲ್ವಾ!"

ಅವನು ಚೀಲದಿಂದ ಬಿಸ್ಕೆಟ್ ಪೊಟ್ಟಣ ತೆಗೆದ. ಮೇಲೆ ಗೋಧಿ ತೆನೆಯ ಚಿತ್ರ, ಅದರ ಮೇಲೊಂದು ಅಡ್ಡಗೀಟು.

"ನಂಗೂ ಅದೇ ಕಾಯಿಲೆ ಕಣೆ. ಹನ್ನೆರಡು ವರ್ಷದಿಂದ. ಒಂದು ಚೂರು ಗೋಧಿ ಹೋದ್ರೂ ನಂಗೆ ಆಗಲ್ಲ. ನಿನ್ನ ಬಾಯಲ್ಲಿ ಬ್ರೆಡ್ ಚೂರಿತ್ತು, ನಿನ್ನ ನಳಿಕೇಲೂ ಇತ್ತು..."

"ಹೇಳಬಾರ್ದಿತ್ತಾ!"

"ಹೇಳಿದ್ರೆ ನೀನು ನನಗೋಸ್ಕರ ಬ್ರೆಡ್ ಬಿಟ್ಟುಬಿಡ್ತಿದ್ದೆ. ಪಾರಿವಾಳಕ್ಕೆ ಹಾಕಿದವಳು ನೀನು! ಮತ್ತೆ ರಕ್ತ ಸುಳ್ಳು ಹೇಳ್ತಿತ್ತು. ನೀನೂ ನಿಮ್ಮಮ್ಮನ ಹಾಗೆ..." ಅವನು ಪೊಟ್ಟಣವನ್ನು ಅವಳ ಕೈಗೆ ತುರುಕಿದ. "ನಂಗೆ ಅದೇ ಭಯ ಇದ್ದಿದ್ದು ಓರ್ನೆಲಾ. ನಿನ್ನನ್ನ ಕಳ್ಕೊಳ್ಳೋ ಭಯ."

ಓರ್ನೆಲಾ ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕಿದಳು. ತಾನೊಬ್ಬಳೇ ಹೆದರಿದ್ದೆ ಎಂದುಕೊಂಡಿದ್ದಳಲ್ಲ!

"ಇವತ್ತು ಬ್ರೆಡ್ ತಿಂದ್ಯಾ?"

"ಬೆಳಿಗ್ಗೆ ಒಂದು ಹೋಳು. ಅದೇ ಕೊನೇದು."

ಅವನು ಚೀಲದಿಂದ ಹೊಸ ಹಲ್ಲುಜ್ಜುವ ಬ್ರಷ್ ತೆಗೆದು ಚಾಚಿದ. ಚೌಕದ ನಲ್ಲಿಯ ಬಳಿ ಅವಳು ಅಳುತ್ತಾ ನಗುತ್ತಾ, ಬಾಯಿತುಂಬ ನೊರೆ ಮಾಡಿಕೊಂಡು ಹಲ್ಲುಜ್ಜಿದಳು.

ಬೆಂಚಿನ ಮೇಲೆ ಹೊಸ ಬುರುಡೆ ಒಂದೇ, ನಳಿಕೆಯೂ ಒಂದೇ. ಅವನು ಮೊದಲು ಕುಡಿದು, ಮತ್ತೆ ಬಿಸಿನೀರು ತುಂಬಿ ಅವಳ ಕೈಗಿತ್ತ. ಅವಳು ಅದೇ ನಳಿಕೆಗೆ ತುಟಿ ಹಚ್ಚಿದಳು.

"ಅವತ್ತು ಮುಖ ತಿರುಗಿಸಿದ್ಯಲ್ಲ..."

"ಇವತ್ತು ತಿರುಗಿಸಲ್ಲ ಸಣಕಲಿ."

ತಿರುಗಿಸಲಿಲ್ಲ.