ಹತ್ತು ಟ್ಯೂಬ್, ಒಂದು ಗಿಡ

ಸುಶಾಂತ್ ಬಗ್ಗೆ ನನಗಿದ್ದದ್ದು ತಿರಸ್ಕಾರ. ಇದಕ್ಕಿಂತ ಮೆದುವಾದ ಪದ ಹುಡುಕಿ ನೋಡಿದೆ, ಸಿಗಲಿಲ್ಲ.

ಡೈಮಂಡ್ ಬಾರ್ ಎಂಬ ಊರಿನ ಕನ್ನಡಿಗರ ಯುಗಾದಿ ಊಟದಲ್ಲಿ ಪರಿಚಯ. "ಅಪ್ಪನ ಹತ್ತು ಬ್ರೊಮೆಲಿಯಾಡ್ ಗಿಡ ಉಂಟು ನಮ್ಮಲ್ಲಿ. ಮೆಕ್ಸಿಕೋ ಬೆಟ್ಟದ ಕಾಡಿನ ಬೀಜದ್ದು, ಒಂದೊಂದೂ ಬೇರೆ," ಎಂದು ಹೋಳಿಗೆ ಹಿಡಿದ ಕೈ ಆಡಿಸುತ್ತ ಹೇಳಿದ್ದ. ತಾನೇ ಬೆಟ್ಟ ಹತ್ತಿ ಬೀಜ ತಂದವನ ಹಾಗೆ.

ನಾನು ಸ್ಯಾನ್ ಡಿಯೇಗೋದ ಸಸ್ಯೋದ್ಯಾನದಲ್ಲಿ ಅನಾನಸ್ ಕುಟುಂಬದ ಈ ಕಾಡುಗಿಡಗಳ ಡಿಎನ್‌ಎ ಹೋಲಿಸಿ ನೋಡುವವಳು. ಈ ಜಾತಿ ಬೆಳೆಯುತ್ತಿದ್ದ ಆ ಒಂದೇ ಬೆಟ್ಟ ಬೆಂಕಿಗೆ ಹೋದ ಮೇಲೆ ನಮ್ಮ ಗ್ರೀನ್‌ಹೌಸ್‌ನಲ್ಲಿ ಉಳಿದದ್ದು ಒಂದೇ ಗಿಡ. ಒಮ್ಮೆ ಹೂ ಬಿಟ್ಟು ಸಾಯುವ ಜಾತಿ, ನಮ್ಮದು ಬುಡದಲ್ಲಿ ಮರಿಯನ್ನೂ ಹಾಕಿರಲಿಲ್ಲ. ತನ್ನ ಪರಾಗದಿಂದ ಬೀಜ ಕಟ್ಟುವುದಿಲ್ಲ, ಅದೇ ಜಾತಿಯ, ಬೇರೆ ಡಿಎನ್‌ಎ ಇರುವ ಗಿಡದ್ದೇ ಬೇಕು.

ಹತ್ತು ಗಿಡದ ಎಲೆ ಹತ್ತು ಟ್ಯೂಬ್‌ಗೆ ಹಾಕಿ ಕಳಿಸಲು ಹೇಳಿದೆ. ಕಳಿಸಿದ. ಹತ್ತರದ್ದೂ ಒಂದೇ ಡಿಎನ್‌ಎ. ಅದೂ ನಮ್ಮ ಗಿಡದ್ದೇ! ಅಷ್ಟರಲ್ಲಿ ನಮ್ಮದು ಹೂ ಬಿಟ್ಟಿತ್ತು.

ಬೈಯಲೆಂದೇ ಗ್ಲೆಂಡೇಲ್‌ನ ಅವನ ಮನೆಗೆ ಡ್ರೈವ್ ಮಾಡಿದೆ.

"ಒಂದೊಂದೂ ಬೇರೆ ಅಂದ್ರಲ್ಲ?"

"ಗಿಡ ಬೇರೆಯೇ. ಎಲೆ ಮಾತ್ರ..." ಬಾಲ್ಕನಿಯ ಮೂಲೆಯಲ್ಲಿ ಒಣಗುತ್ತಿದ್ದ ಗಿಡ ತೋರಿಸಿದ. "ಎಲ್ಲಾ ಅದರದ್ದೇ. ಹೂ ಬಿಟ್ಟಾಯ್ತು, ಹೇಗೂ ಸಾಯ್ತದೆ. ಅದರ ಮರಿಯನ್ನೇ ಅಪ್ಪ ನಿಮ್ಮ ಗಾರ್ಡನ್‌ಗೆ ಕೊಟ್ಟದ್ದು. ಅಪ್ಪ ಹೋದ್ಮೇಲೆ ಉಳಿದವಕ್ಕೆ ಕತ್ತರಿ ಹಾಕ್ಲಿಕ್ಕೆ ಮನಸ್ಸೇ ಬರ್ಲಿಲ್ಲ."

"ಮತ್ತೆ ಹತ್ತು ಟ್ಯೂಬ್ ಯಾಕೆ ತುಂಬಿದ್ರಿ?"

"ನೀವು ಹತ್ತು ಕೇಳಿದ್ರಲ್ಲ ಮಾರಾಯ್ರೇ."

ಇಂಥ ಉತ್ತರ ಕೊಡುವ ಗಂಡಸು ಇಷ್ಟು ಉದ್ದದ ರೆಪ್ಪೆಗೂದಲು ಇಟ್ಟುಕೊಂಡು ಓಡಾಡುವುದು ಅನ್ಯಾಯ. ಅದನ್ನು ಗಮನಿಸಿದ್ದಕ್ಕೆ ನನ್ನ ಮೇಲೂ ಸಿಟ್ಟು ಬಂತು.

"ನಾಲ್ಕು ದಿನದಲ್ಲಿ ನಮ್ಮ ಹೂ ಮುಗಿಯುತ್ತೆ. ಮತ್ತೆ ಟೆಸ್ಟ್ ಮಾಡೋಕೆ ಟೈಮ್ ಇಲ್ಲ. ನಿಮ್ಮ ದಡ್ಡತನದಿಂದ ಒಂದು ಜಾತಿಯೇ ಹೋಗಬಹುದು. ಅರ್ಥ ಆಯ್ತಾ?"

ಅವನು ಒಳಗೆ ಹೋಗಿ, ಹೂವರಳಿದ ಇನ್ನೊಂದು ಗಿಡ ಎತ್ತಿಕೊಂಡು ಬಂದ. "ಇದು ಬೇರೆಯೇ. ಅಪ್ಪ ಸುಳ್ಳು ಹೇಳುವವರಲ್ಲ. ನಡೀರಿ."

ದಾರಿಯುದ್ದಕ್ಕೂ ಕುಂಡವನ್ನು ಮಡಿಲಲ್ಲಿ ಕೂಸಿನಂತೆ ಹಿಡಿದಿದ್ದ. ನಾನು ಬ್ರೇಕ್ ಒತ್ತಿದಾಗಲೆಲ್ಲ ಹೂವಿಗೆ ಅಂಗೈ ಅಡ್ಡ. ನಾಟಕ ಅಂದುಕೊಂಡೆ. ಆದರೂ ನಿಧಾನಕ್ಕೆ ಓಡಿಸಿದೆ.

ಅವನ ಹೂವಿನ ಪರಾಗವನ್ನು ಬ್ರಷ್‌ನಿಂದ ನಮ್ಮ ಹೂವಿಗೆ ಸವರಿದೆ. ಮುಂದಿನ ತಿಂಗಳು ಕಾಯಿ ಉಬ್ಬಿತು.

ಫೋನಲ್ಲೇ ಹೇಳಬಹುದಿತ್ತು. ಉಳಿದ ಗಿಡಗಳ ಸ್ಯಾಂಪಲ್ ನೆಪ ಮಾಡಿಕೊಂಡು ಮತ್ತೆ ಗ್ಲೆಂಡೇಲ್‌ಗೇ ಹೋದೆ.

"ಕಾಯಿ ಕಟ್ಟಿದೆ. ನಿಮ್ಮ ಅಪ್ಪ ಹೇಳಿದ್ದು ನಿಜ."

ಅವನು ಅಪ್ಪನ ಗಿಡವೊಂದರ ಎಲೆ ಸವರಿದ. ಆಮೇಲೆ, "ಈಗ ನಾನು ಅಂದ್ರೆ ಆಗ್ತದಾ ನಿಮಗೆ?"

"ಇಲ್ಲ. ದಡ್ಡರನ್ನು ಕಂಡರೆ ಆಗಲ್ಲ."

"ಗ್ಲೆಂಡೇಲ್‌ವರೆಗೆ ಬಂದು ಹೇಳ್ತೀರಲ್ಲ." ನಕ್ಕು ಕತ್ತರಿಯನ್ನು ನನ್ನ ಕೈಗಿಟ್ಟ. "ನೀವೇ ಕತ್ತರಿಸಿ. ನಾನು ನೋಡುವುದಿಲ್ಲ."

ಕಣ್ಣು ಮುಚ್ಚಿ ನನ್ನ ಭುಜಕ್ಕೆ ಹಣೆ ಆನಿಸಿ ನಿಂತ. ಬೆಳೆದ ಗಂಡಸು, ಎಲೆಯ ತುದಿಗೆ ಹೆದರಿ! ನಾನು ಒಂದೊಂದಾಗಿ ಕತ್ತರಿಸಿ, ಕೊನೆಯ ಟ್ಯೂಬ್‌ನ ಮುಚ್ಚಳ ಸದ್ದಾಗದಂತೆ ಒತ್ತಿದೆ.

"ಮುಗೀತಾ?" ಎಂದ.

"ಇನ್ನೂ ಇಲ್ಲ," ಎಂದೆ.